ಮೂಲೆ ಬತ್ತಲಾದ ಕೌದಿ

ನಾನು ಒಂದು ಕೌದಿ. ಕಾಡಂಚಿನ ಸಿದ್ದಿ ಕೇರಿಯಲ್ಲಿ ರುಜಾಯಿಯ ಮದುವೆಗೆಂದು ಹೆಂಗಸರೆಲ್ಲ ತಮ್ಮ ಹಳೆಯ ಸೀರೆಯ ತುಂಡು ತಂದು, ಸುತ್ತ ಕುಳಿತು, ಅಂಚಿನಿಂದ ನಡುವಿಗೆ ಹೊಲಿಯುತ್ತ ನನ್ನನ್ನು ಹೆತ್ತರು. ಕೊನೆಗೆ ಜುಲ್ಯಾನಜ್ಜಿ ನಾಲ್ಕು ಮೂಲೆಗೂ ಬಟ್ಟೆ ಮಡಚಿದ ಪುಟ್ಟ ಹೂ ಹಚ್ಚಿದಳು. ಅದಕ್ಕೆ ಫುಲಾ ಎನ್ನುತ್ತಾರೆ. ಫುಲಾ ಇಲ್ಲದ ಕೌದಿ ಬತ್ತಲೆ. ಅಂಥದ್ದನ್ನು ನಮ್ಮ ಕೇರಿಯಲ್ಲಿ ಯಾರೂ ಹೊರಗೆ ಹರವುವುದಿಲ್ಲ.

ರುಜಾಯಿಯ ಗಂಡ ಬಸ್ತ್ಯಾಂವ ಅವಳನ್ನು ಹೊಡೆಯುತ್ತಿದ್ದ. ಸಿದ್ದಿಯಲ್ಲವೇ, ಕುಡಿದು ಹೊಡೆದಿರಬೇಕು ಎಂದುಕೊಂಡಿರಾ? ಹನಿ ಮುಟ್ಟದವನು. ಚಹಾ ಕುಡಿದು, ಲೋಟ ತೊಳೆದಿಟ್ಟು ಹೊಡೆಯುತ್ತಿದ್ದ. ಸದ್ದು ಹೊರಗೆ ಹೋಗಬಾರದೆಂದು ಮೊದಲು ನನ್ನನ್ನು ಮುದ್ದೆ ಮಾಡಿ ಕಿಟಕಿಗೆ ತುರುಕುತ್ತಿದ್ದ. ಸರಳುಗಳ ನಡುವೆ ಸಿಕ್ಕಿಕೊಂಡು ಅವಳ ಅಳುವನ್ನೆಲ್ಲ ನಾನೇ ನುಂಗಿದೆ. ಹೊದೆಸಲೆಂದು ಹುಟ್ಟಿದವಳು ನಾನು. ಅವನ ಕೈ ಸೇದಿಹೋಗಲಿ.

ಕೇರಿಯ ಹಿರಿಯ, ಬುಡವಂತ ಇನಾಸ ಒಮ್ಮೆ ಮನೆಗೆ ಬಂದು ನನ್ನ ಮೇಲೆ ಕುಳಿತಾಗ ರುಜಾಯಿ ಬಾಸುಂಡೆ ತೋರಿಸಿದಳು.

“ಮಾಮಾ, ಠಾಣೇಕ ಹೋಗ್ತೀನಿ.”

“ಹೋದ್ರ ಏನಂತಾರ ಗೊತ್ತೈತೇನು? ಪ್ಯಾಟ್ಯಾಗ ಮೊದಲ ನಮ್ಮ ಕೂದಲಾ ಜಗ್ಗಿ ನಗ್ತಾರ. ಕಾಡಮಂದಿ ಇರೂದ ಹಿಂಗ ಅಂತಾರ. ಆ ಮಾತಿಗೆ ನಾವ ಸಾಕ್ಷಿ ಆಗೂದೇನವಾ? ತಡ್ಕೋ.”

ಅವನ ಮಾತು ಸುಳ್ಳಲ್ಲ. ನನಗೆ ಸಿಟ್ಟು ಬಂದದ್ದೂ ಅದಕ್ಕೇ. ಪೇಟೆಯವರ ಬಾಯಿಗೆ ಹೆದರಿ ಇವಳ ಬಾಯಿ ಮುಚ್ಚಿಸಿದ.

ಮರುದಿನ ರುಜಾಯಿ ನನ್ನ ಒಂದು ಫುಲಾ ಕತ್ತರಿಸಿ, ಆ ಮೂಲೆ ಮುಂದೆ ಕಾಣುವಂತೆ ನನ್ನನ್ನು ಬೇಲಿಗೆ ಹರವಿದಳು. ಗಂಡಸರು ಹಾದುಹೋದರು. ಅವರಿಗೆ ಕೌದಿ ಹೊದೆಯುವುದಷ್ಟೇ ಗೊತ್ತು. ಜುಲ್ಯಾನಜ್ಜಿ ಮಾತ್ರ ನಿಂತು, ಮೂಲೆ ಮುಟ್ಟಿ ನೋಡಿ ಹೋದಳು. ಮಧ್ಯಾಹ್ನ ಹೆಂಗಸರನ್ನೆಲ್ಲ ಕರೆದುಕೊಂಡು ಸೂಜಿದಾರ ಹಿಡಿದು ಬಂದಳು.

“ಕೌದಿ ಬತ್ತಲಿ ಆಗೇತೋ ಬಸ್ತ್ಯಾಂವ. ಹೊಲ್ಯಾಕ ಬಂದೀವಿ.”

ದಿನವೂ ಬಂದರು. ಹೊಲಿದದ್ದನ್ನೇ ಬಿಚ್ಚಿ ಮತ್ತೆ ಹೊಲಿದರು. ನಾನು ಅವರ ತೊಡೆಯ ಮೇಲಿರುವಾಗ ಕಿಟಕಿಗೆ ತುರುಕಲು ಅವನಿಗೆ ಏನಿತ್ತು? ಕಡೆಗೊಂದು ದಿನ ತಡೆಯಲಾರದೆ ಎಲ್ಲರೆದುರೇ ರುಜಾಯಿಯ ಜಡೆ ಹಿಡಿದು ಹೊಸ್ತಿಲಿಗೆ ಕೆಡವಿದ. ಅವಳ ಹಣೆಯ ರಕ್ತ ನನ್ನ ಮೇಲೆ ಬಿತ್ತು. ಅಜ್ಜಿ ನನ್ನನ್ನು ಹೆಗಲಿಗೆ ಹಾಕಿಕೊಂಡು ಎಲ್ಲರೊಡನೆ ಠಾಣೆಗೆ ನಡೆದಳು. ಬುಡವಂತನೂ ತಲೆ ತಗ್ಗಿಸಿಕೊಂಡು ಹಿಂದೆ ಬಂದ.

“ನಿಮ್ಮ ಜನದಾಗ ಇದು ಇದ್ದದ್ದ ಅಲ್ಲೇನು? ಆಫ್ರಿಕಾದ ರಕ್ತ,” ಎಂದು ಪೊಲೀಸಪ್ಪ ನಕ್ಕ.

ಬುಡವಂತ ಹೇಳಿದಂತೆಯೇ ಆಗಿತ್ತು. ಆದರೂ ಯಾರೂ ಹಿಂದಿರುಗಲಿಲ್ಲ. ಅಜ್ಜಿ ಠಾಣೆಯ ಬಾಗಿಲಲ್ಲೇ ನನ್ನನ್ನು ಹಾಸಿದಳು.

“ನೀವು ಬರಕೊಳ್ಳೂ ಮಟಾ ಹೊಲೀತೀವಿ, ಸಾಹೇಬ್ರ.”

ಸಂಜೆಯೊಳಗೆ ದೂರು ಬರೆದುಕೊಂಡರು. ರಕ್ತದ ಕಲೆಯಿದೆಯೆಂದು ನನ್ನನ್ನೂ ಗಂಟು ಕಟ್ಟಿ ಅರಗಿನ ಮುದ್ರೆ ಒತ್ತಿದರು. ರುಜಾಯಿ, “ಒಂದ್ ಮೂಲಿಗೆ ಫುಲಾ ಹಚ್ಚೂದು ಉಳದೈತ್ರಿ,” ಎಂದಳು. ಸಾಕ್ಷಿ ಇದ್ದಂತೆಯೇ ಇರಬೇಕು ಎಂದರು. ಅವಳು ಫುಲಾವನ್ನು ಸೆರಗಿಗೆ ಕಟ್ಟಿಕೊಂಡಳು. ಈಗ ಅವಳು ಅಜ್ಜಿಯ ಮನೆಯಲ್ಲಿದ್ದಾಳೆ.

ನಾನು ಕೋರ್ಟಿನ ಮುದ್ದೆಮಾಲು ಕೋಣೆಯಲ್ಲಿದ್ದೇನೆ. ಕುಡುಗೋಲು, ಮುರಿದ ಸೈಕಲ್ಲುಗಳ ನಡುವೆ ಉಸಿರು ಕಟ್ಟುತ್ತದೆ. ಕೇಸು ಮುಂದಕ್ಕೆ ಹೋಗುತ್ತಲೇ ಇದೆ. ವಾಯಿದೆಯ ದಿನ ಬಾಗಿಲಾಚೆ ಹೆಂಗಸರು ಕುಳಿತು ರುಜಾಯಿಗೆ ಹೊಸ ಕೌದಿ ಹೊಲಿಯುತ್ತಾರೆ. ಬುಡವಂತ ಸೂಜಿಗೆ ದಾರ ಪೋಣಿಸಲಾರದೆ ಬೈಸಿಕೊಳ್ಳುತ್ತಾನೆ.

ಮೊನ್ನೆ ರುಜಾಯಿಯ ದನಿ ಕೇಳಿಸಿತು. “ಅಜ್ಜಿ, ಆ ಫುಲಾ ಇದಕ್ಕ ಹಚ್ಚಲೇನು?”

“ಬ್ಯಾಡ. ಅದು ಒಳಗಿರಾಕಿದು. ಅಕಿ ಬರತಾಳ.”

ಬರುತ್ತೇನೋ ಇಲ್ಲವೋ, ನನಗೆ ಗೊತ್ತಿಲ್ಲ. ಇಲಿ ಆಗಲೇ ಅಂಚು ಕಡಿಯುತ್ತಿದೆ. ಕಿಟಕಿಯಲ್ಲಿ ನುಂಗಿದ ಅವಳ ಅಳು ಮಾತ್ರ ನನ್ನೊಳಗೆ ಹಾಗೇ ಇದೆ. ಗಂಟು ಬಿಚ್ಚಿದ ದಿನ ಅದನ್ನು ಹೊರಗೆ ಬಿಡಬೇಕು.