ನೀಲಿ ಪರದೆಯ ಅಂಚಿನಲ್ಲಿ ನಾಲ್ಕು ಬೆರಳು

ನನ್ನ ತಮ್ಮ ಫೋಟೋಗ್ರಾಫರ್. ಹಾಗೆಂದರೆ ಅವನಿಗೆ ಸಿಟ್ಟು, ಕಲಾವಿದ ಅನ್ನಬೇಕು. ಹೋದ ವರ್ಷದಿಂದ ನಮ್ಮ ಕಲಾವಿದರಿಗೆ ಒಂದೇ ಬಣ್ಣದ ಹುಚ್ಚು ಹಿಡಿದಿದೆ. ನೀಲಿ ಗೋಡೆಯ ಮುಂದೆ ನೀಲಿ ಬಕೆಟ್. ನೀಲಿ ಬಟ್ಟಲಲ್ಲಿ ನೀಲಿ ಗುಂಡಿಗಳು. ನೋಡಿದವರು ಗದ್ದಕ್ಕೆ ಕೈಯಿಟ್ಟು "ಆಹಾ" ಅನ್ನುತ್ತಾರೆ. ಏನು ಕಂಡಿತೋ ಅವರನ್ನೇ ಕೇಳಬೇಕು. ನಾನು ಅವನ ಸ್ಟುಡಿಯೋದಲ್ಲಿ ಚಿತ್ರಗಳ ಕಲೆ, ಗೀರು, ಸುಕ್ಕು ಅಳಿಸುವವಳು. ನನಗೆ ಕಂಡದ್ದು ಬಕೆಟ್ ಮಾತ್ರ.

ತಂಗಿ ಹಡಗಿನಲ್ಲಿ ಎಲೆಕ್ಟ್ರಿಷಿಯನ್. ಮೂರು ವರ್ಷದ ಮೇಲೆ ಒಂದು ವಾರಕ್ಕೆಂದು ಬಂದಿದ್ದಳು. ಅಮ್ಮ ಬಯಸಿದ್ದು ಒಂದೇ: ಮೂವರು ಮಕ್ಕಳೂ ತನ್ನ ಜೊತೆ ನಿಂತ ಒಂದು ಫೋಟೋ. ನಾವು ದೊಡ್ಡವರಾದ ಮೇಲೆ ಅಂಥದ್ದೊಂದು ತೆಗೆದೇ ಇರಲಿಲ್ಲ. ತಮ್ಮ ಆರು ದಿನ ನಮ್ಮ ಹಿಂದೆ ಕಟ್ಟುವ ಪರದೆಗೆ ಸರಿಯಾದ ನೀಲಿ ಹುಡುಕುತ್ತ ಅಂಗಡಿ ಅಂಗಡಿ ಅಲೆದ.

ಏಳನೆಯ ದಿನ ಸಂಜೆ ನಾವೆಲ್ಲ ನೀಲಿ ಉಟ್ಟು ಸ್ಟುಡಿಯೋದಲ್ಲಿ ನಿಂತಿದ್ದರೆ ತಂಗಿ ಕೆಂಪು ಅಂಗಿಯಲ್ಲಿ ಬಂದಳು. ಉಳಿದ ಬಟ್ಟೆಯೆಲ್ಲ ಪೆಟ್ಟಿಗೆ ಸೇರಿ ಬಂದರಿಗೆ ಹೋಗಿಯಾಗಿತ್ತು.

"ಎಲ್ಲಾ ಕೆಡ್ಸಿಬಿಟ್ಯಲ್ಲೇ!" ಎಂದ ತಮ್ಮ.

"ಈ ನೀಲಿ ಶಾಲು ಹೊದ್ಕೊಳ್ತೀನಿ ಬಿಡೋ ಅಣ್ಣ."

"ಅದು ಬೇರೆ ನೀಲಿ. ಮೊದ್ಲು ನಮ್ಮ ಮೂವರದ್ದು ತೆಗೀತೀನಿ, ಆಮೇಲೆ ನಿಂದು. ಅಲ್ಲಿವರೆಗೂ ಪರದೆ ಹಿಡ್ಕೋ, ಜಾರ್ತಿದೆ."

ಅವಳು ಪರದೆಯ ಹಿಂದೆ ಕುರ್ಚಿ ಹತ್ತಿ ಮೇಲಂಚು ಹಿಡಿದಳು. ತಮ್ಮ ಟೈಮರ್ ಇಟ್ಟು ನಮ್ಮ ಪಕ್ಕಕ್ಕೆ ಓಡಿ ಬಂದ. ಮತ್ತೆ ಓಡಿದ, ಮತ್ತೆ ಬಂದ. ಅಷ್ಟರಲ್ಲಿ ಕಿಟಕಿಯ ಬೆಳಕು ಹೋಯಿತು. ಅಮ್ಮ "ಇವಳ ಜೊತೆ ಒಂದೇ ಒಂದು ತೆಗಿಯೋ" ಎಂದು ಅಂಗಲಾಚಿದಳು. ದೀಪ ಹಾಕಿದರೆ ನೀಲಿ ಬದಲಾಗುತ್ತದಂತೆ! ಮರುದಿನ ಬೆಳಿಗ್ಗೆಯೇ ತಂಗಿಯ ಹಡಗು. ನಾನು ಪರದೆ ಮಡಚತೊಡಗಿದೆ. ಕಲಾವಿದರನ್ನು ಎದುರಿಸುವುದಕ್ಕಿಂತ ಬೆನ್ನ ಹಿಂದೆ ಆಡಿಕೊಳ್ಳುವುದು ನನಗೆ ಸುಲಭ.

ಎರಡು ದಿನ ಬಿಟ್ಟು ಆ ಚಿತ್ರ ನನ್ನ ಮೇಜಿಗೆ ಬಂತು. ಪರದೆಯ ಮೇಲಂಚಿನಲ್ಲಿ ತಂಗಿಯ ನಾಲ್ಕು ಬೆರಳು. ಗಾಯವಾದ ತೋರುಬೆರಳಿಗೆ ವಿದ್ಯುತ್ ತಂತಿಗೆ ಸುತ್ತುವ ಕೆಂಪು ಟೇಪನ್ನೇ ಸುತ್ತಿಕೊಂಡಿದ್ದಳು.

"ಅದನ್ನ ಅಳಿಸ್ಬಿಡು ಅಕ್ಕ," ಎಂದ ತಮ್ಮ.

ಅಳಿಸಿದೆ. ಕಲೆ, ಗೀರು, ಸುಕ್ಕು, ತಂಗಿ.

ಕಟ್ಟು ಹಾಕಿಸಿ ತಂದ ಫೋಟೋವನ್ನು ಅಮ್ಮ ಕನ್ನಡಕ ಒರೆಸಿಕೊಂಡು ನೋಡಿದಳು. ನಮ್ಮ ಮುಖ ನೋಡಲಿಲ್ಲ; ಮೇಲಂಚನ್ನೇ ಬೆರಳಿನಿಂದ ತಡಕಿದಳು.

"ಚಿಕ್ಕೋಳು ಇಲ್ಲೇ ಹಿಡ್ಕೊಂಡಿದ್ಲಲ್ಲ. ಕೈಯಾದ್ರೂ ಬಂದಿಲ್ವಾ?"

"ಇಲ್ಲಮ್ಮ," ಎಂದು ತಮ್ಮ ಥಟ್ಟನೆ ಹೇಳಿದ.

"ಬಂದಿತ್ತು," ಎಂದೆ. "ನಾನೇ ಅಳಿಸಿದೆ." ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಇಷ್ಟು ದಿನ ಅವನನ್ನು ಆಡಿಕೊಂಡ ನಾಲಿಗೆ ಅವನು ಅಳಿಸು ಅಂದಾಗ ಎಲ್ಲಿತ್ತು ಅನ್ನಿಸಿತು.

ಅಂದೇ ಮೂಲ ಚಿತ್ರವನ್ನು ಟೇಪಿನ ಸಮೇತ ಮುದ್ರಿಸಿ ಅಮ್ಮನಿಗೆ ಕೊಟ್ಟೆ. ಕಲಾವಿದರು ಮೂರು ದಿನ ಮುಖ ಊದಿಸಿಕೊಂಡಿದ್ದರು.

ಈಗ ಆ ಫೋಟೋ ಬಾಗಿಲ ಎದುರಿನ ಗೋಡೆಯಲ್ಲಿದೆ. ಮನೆಗೆ ಬಂದವರಿಗೆಲ್ಲ ಅಮ್ಮ ಮೊದಲು ಆ ನಾಲ್ಕು ಬೆರಳು ತೋರಿಸುತ್ತಾಳೆ: "ಇವಳು ನನ್ನ ಚಿಕ್ಕ ಮಗಳು." ನಾವಿಬ್ಬರು ಯಾರೆಂದು ಅವರಾಗಿ ಕೇಳಿದರೆ ಮಾತ್ರ ಹೇಳುತ್ತಾಳೆ.