ಹನ್ನೆರಡನೇ ವಾರ್ಡಿನ ಮೊದಲ ಕೊಡ

ನಮ್ಮ ಪುರಸಭೆಯಲ್ಲಿ ಚಹಾ ಬಂತೆಂದರೆ ಸಭೆ ಮುಗಿದಂತೆ. ಇದು ಯಾವ ಕಾಯ್ದೆ ಪುಸ್ತಕದಲ್ಲೂ ಇಲ್ಲ, ಆದರೂ ಕಾಯ್ದೆಗಿಂತ ಚೆನ್ನಾಗಿ ನಡೆಯುತ್ತದೆ. ಚಹಾಕ್ಕೆ ಮುಂಚೆ ಎಷ್ಟು ವಿಷಯ ಮುಗಿದವೋ ಅಷ್ಟು ಮಂಜೂರು, ಉಳಿದವು ಮುಂದಿನ ತಿಂಗಳಿಗೆ ವಾಯಿದಾ. ಆ ಚಹಾ ಯಾವಾಗ ಬರಬೇಕೆಂಬುದು ನನ್ನ ಕೈಯಲ್ಲಿದೆ. ಅಧ್ಯಕ್ಷರು ಹುಬ್ಬು ಕೆರೆದುಕೊಳ್ಳುತ್ತಾರೆ, ನಾನು ಪೆನ್ನಿಗೆ ಮುಚ್ಚಳ ಹಾಕುತ್ತೇನೆ, ಅದನ್ನು ಕಂಡು ಬಾಗಿಲಲ್ಲಿ ನಿಂತ ಜವಾನ ಆಶಪ್ಪ ಕೆಟಲಿ ಹಿಡಿದು ಒಳಗೆ ಬರುತ್ತಾನೆ.

ನಾನು ಮಹಾಂತಯ್ಯ. ಮಖ್ತಲ್‌ಗೂ ನಾರಾಯಣಪೇಟೆಗೂ ನಡುವಿನ ಈ ಊರು ಇನ್ನೂ ಪಂಚಾಯತಿಯಾಗಿದ್ದಾಗಿನಿಂದ, ಮೂವತ್ತೊಂದು ವರ್ಷ, ಇದೇ ದಫ್ತರದಲ್ಲಿ ಗುಮಾಸ್ತನಾಗಿ ಸಭೆಯ ಠರಾವು ಬರೆಯುತ್ತಿದ್ದೇನೆ. ಮಾತು ಕನ್ನಡದಲ್ಲಿ ನಡೆಯುತ್ತದೆ, ಜಗಳ ಉರ್ದುವಿನಲ್ಲಿ, ಊರು ಗಡಿಯ ತೆಲುಗು ಸೀಮೆಗೆ ಸೇರಿದ್ದರಿಂದ ನಾನು ಬರೆಯುವುದು ತೆಲುಗಿನಲ್ಲಿ. ಇಷ್ಟು ವರ್ಷದಲ್ಲಿ ನನ್ನ ರಿಜಿಸ್ಟರಿನಲ್ಲಿ ಒಂದು ಸಾಲೂ ಹೊಡೆದು ಹಾಕಿದ್ದಿಲ್ಲ. ಅದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಯಾಕೆಂದರೆ ಬೇರೆ ಯಾರೂ ಹೇಳುವುದಿಲ್ಲ.

ಆ ತಿಂಗಳ ಸಭೆಯಲ್ಲಿ ಹದಿನೇಳು ವಿಷಯಗಳಿದ್ದವು. ಕೊನೆಯದು ಹನ್ನೆರಡನೇ ವಾರ್ಡಿನ ವೀರಬಸಮ್ಮನವರದು: ತಮ್ಮ ವಾರ್ಡಿಗೆ ನಲ್ಲಿ ನೀರು ಬೆಳಿಗ್ಗೆ ಬೇಗ ಬಿಡಬೇಕು ಎಂದು. ಐದು ತಿಂಗಳಿನಿಂದ ಅದೇ ಕೊನೆಯ ವಿಷಯ, ಐದು ತಿಂಗಳಿನಿಂದ ವಾಯಿದಾ. ಅವರು ಆ ವಾರ್ಡಿನಲ್ಲಿ ಜೋಳದ ಗಿರಣಿ ಇಟ್ಟುಕೊಂಡವರು, ಹಿಟ್ಟಿನ ಕೈಯಲ್ಲೇ ಓಟು ಕೇಳಿ ಗೆದ್ದವರು. ಸಭೆಯ ಹಿಂದಿನ ದಿನ ನನ್ನ ಟೇಬಲ್ಲಿನ ಮುಂದೆ ಬಂದು ನಿಂತಿದ್ದರು.

"ಅಯ್ಯನೋರೆ, ಈ ಸಲನರ ನಂದು ಸ್ವಲ್ಪ ಮ್ಯಾಲೆ ಹಾಕ್ರಿ."

"ಕಚೇರಿ ವಿಷಯ ಮೊದ್ಲು, ಮೆಂಬರ್ ವಿಷಯ ಆಮ್ಯಾಲೆ. ಹಂಗ ರೂಲ್ ಐತ್ರಿ ಅಮ್ಮಾ," ಎಂದಿದ್ದೆ.

"ರೂಲ್ ನಿಮ್ದು, ಚಹಾನೂ ನಿಮ್ದು," ಎಂದು ನಕ್ಕು ಹೋಗಿದ್ದರು. ಆ ನಗೆ ನನಗೆ ಹಿಡಿಸಲಿಲ್ಲ. ನನ್ನ ಮುಚ್ಚಳದ ಗುಟ್ಟು ಊರಿಗೆಲ್ಲ ಗೊತ್ತಿರುವುದು ಆಗಲೇ ನನಗೆ ಗೊತ್ತಾದದ್ದು.

ನಮ್ಮ ಊರಿನ ನೀರಿನ ಕ್ರಮವನ್ನು ಇಲ್ಲಿ ಹೇಳಬೇಕು. ಊರಿನ ಸುತ್ತ ಒಂದು ರಸ್ತೆ, ರಸ್ತೆಯ ಗುಂಟ ಹನ್ನೆರಡು ವಾಲ್ವು, ಒಂದೊಂದು ವಾರ್ಡಿಗೆ ಒಂದೊಂದು. ವಾಲ್ವು ತಿರುಗಿಸುವವನು ಎಂಕಪ್ಪ. ಬೆಳಿಗ್ಗೆ ಐದೂವರೆಗೆ ಬಸವಣ್ಣನ ಗುಡಿಯ ಮುಂದಿನ ಮೊದಲ ವಾಲ್ವು ತೆರೆಯುತ್ತಾನೆ. ಮೊದಲ ನೀರು ಬಸವಣ್ಣನ ಅಭಿಷೇಕಕ್ಕೆ. ಆಮೇಲೆ ಅರ್ಧರ್ಧ ಗಂಟೆಗೆ ಒಂದೊಂದು ವಾರ್ಡಿನಂತೆ, ಊರನ್ನು ಬಲಕ್ಕೆ ಇಟ್ಟುಕೊಂಡು ಪ್ರದಕ್ಷಿಣೆ ಹಾಕುತ್ತ, ಹನ್ನೊಂದಕ್ಕೆ ಹನ್ನೆರಡನೇ ವಾಲ್ವಿಗೆ ಬರುತ್ತಾನೆ. ಆ ಹನ್ನೆರಡನೆಯದು ಇರುವುದು ಎಲ್ಲಿ? ಗುಡಿಯ ಎದುರಿಗೆ, ರಸ್ತೆಯ ಆಚೆ ಬದಿಗೆ. ಮೊದಲ ವಾಲ್ವಿನಿಂದ ಐವತ್ತು ಹೆಜ್ಜೆ.

ಬಸವಣ್ಣನ ಪೂಜೆ ನಮ್ಮ ಮನೆತನದ್ದು. ದಿನಾ ಬೆಳಿಗ್ಗೆ ಮೊದಲ ಕೊಡ ನೀರು ಹಾಕುವವನು ನಾನೇ. ಹಾಕಿ ಹಿಂದಿರುಗಿದರೆ ಎದುರಿಗೆ ಹನ್ನೆರಡನೇ ವಾರ್ಡಿನ ಒಣಗಿದ ನಲ್ಲಿ, ಅದರ ಮುಂದೆ ಸಾಲಾಗಿ ಇಟ್ಟ ಖಾಲಿ ಕೊಡಗಳು. ಅವನ್ನು ಮೂವತ್ತು ವರ್ಷ ನೋಡಿದ್ದೇನೆ, ನೋಡಿ ವಿಭೂತಿ ಹಚ್ಚಿಕೊಂಡು ಮನೆಗೆ ಹೋಗಿದ್ದೇನೆ.

ಸಭೆ ಹನ್ನೊಂದಕ್ಕೆ ಶುರುವಾಯಿತು. ಬೀದಿ ದೀಪದ ಬಲ್ಬು ಮಂಜೂರು. ಬ್ಲೀಚಿಂಗ್ ಪೌಡರ್ ಮಂಜೂರು. ವಾರದ ಸಂತೆಯ ಹರಾಜಿಗೆ ತಾರೀಖು ಮಂಜೂರು. ಬೀದಿ ನಾಯಿಗಳ ಬಗ್ಗೆ ಅರ್ಧ ಗಂಟೆ ಮಾತಾಯಿತು, ನಾಯಿಗಳು ಎಲ್ಲ ವಾರ್ಡಿಗೂ ಹೋಗುವುದರಿಂದ ಎಲ್ಲರಿಗೂ ಹೇಳುವುದಿತ್ತು. ಅಧ್ಯಕ್ಷ ಶರಣಬಸವ ಶೇಂಗಾ ವ್ಯಾಪಾರಿ, ಒಳ್ಳೆಯ ಮನುಷ್ಯ, ಆದರೆ ಹನ್ನೆರಡೂವರೆಗೆ ಅವರಿಗೆ ಹಸಿವಾಗುತ್ತದೆ. ಹನ್ನೆರಡನೇ ವಿಷಯ ಮುಗಿಯಿತು. ಅವರು ನನ್ನ ಕಡೆ ನೋಡಿ ಹುಬ್ಬು ಕೆರೆದುಕೊಂಡರು.

ನಾನು ಮುಚ್ಚಳ ಕೈಗೆ ತೆಗೆದುಕೊಂಡೆ. ಆಗ ಬಾಗಿಲಾಚೆ ಪಡಸಾಲೆಯಲ್ಲಿ ಕುಳಿತ ಮೊಗುಲಮ್ಮ ಕಂಡಳು.

ಹನ್ನೆರಡನೇ ವಾರ್ಡಿನವಳು. ಮಗ ಪ್ರವೀಣ್ ಕುಮಾರ್ ಹೆಂಡತಿಯೊಂದಿಗೆ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾನೆ. ಮನೆಯಲ್ಲಿ ಇವಳು, ಮೊಮ್ಮಗಳು ಅಖಿಲಾ. ಆರು ಗಂಟೆಗೆ ನಾರ್ವದ ಕಡೆ ಹತ್ತಿ ಬಿಡಿಸುವವರ ಆಟೋ ಬರುತ್ತದೆ, ಇವಳು ಹತ್ತುತ್ತಾಳೆ. ಹನ್ನೊಂದರ ನೀರಿಗೆ ಯಾರಾದರೂ ನಿಲ್ಲಬೇಕಲ್ಲ, ಅಖಿಲಾ ನಿಲ್ಲುತ್ತಾಳೆ. ಸಾಲೆ ಒಂಬತ್ತೂವರೆಗೆ. ಹತ್ತನೇ ಕ್ಲಾಸಿನ ಹುಡುಗಿ ದಿನಾ ಊಟದ ಗಂಟೆ ಹೊತ್ತಿಗೆ ಸಾಲೆಗೆ ಹೋಗುತ್ತಾಳೆ. ಹಾಜರಿ ಸಾಲದು, ಹೀಗೇ ಆದರೆ ಪರೀಕ್ಷೆಗೆ ಕೂರಿಸುವುದು ಕಷ್ಟ ಎಂದು ಮೇಷ್ಟ್ರು ಹೇಳಿ ಕಳಿಸಿದ್ದರು. ಇದನ್ನು ಸಭೆಗೆ ಮುಂಚೆ ಮೊಗುಲಮ್ಮನೇ ನನಗೆ ಹೇಳಿದ್ದಳು. ಒಳಗೆ ಬಿಡುವುದಿಲ್ಲ ಎಂದರೆ, "ಒಳಗ ನಂಗೇನೈತ್ರಿ ಕೆಲ್ಸ, ಏನಾತಂತ ಕೇಳ್ಕೊಂಡು ಹೋಗ್ತೀನಿ," ಎಂದು ಅಲ್ಲೇ ಕುಳಿತಿದ್ದಳು. ಹತ್ತಿ ಬಿಡಿಸುವ ಸುಗ್ಗಿಯಲ್ಲಿ ಒಂದು ದಿನದ ಕೆಲಸ ಬಿಟ್ಟು ಕುಳಿತಿದ್ದಳು.

ನಾನು ಮುಚ್ಚಳವನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ.

"ವಿಷಯ ಹದಿಮೂರು," ಎಂದು ಓದಿದೆ. ಅಧ್ಯಕ್ಷರು ಮತ್ತೆ ಹುಬ್ಬು ಕೆರೆದುಕೊಂಡರು. ಹದಿನಾಲ್ಕು ಓದಿದೆ. ಅವರು ಎರಡೂ ಹುಬ್ಬು ಕೆರೆದರು. ಆಶಪ್ಪ ಬಾಗಿಲಲ್ಲಿ ಕೆಟಲಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಳ್ಳುತ್ತಿದ್ದ. ನಾನು ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ. ಹದಿನೇಳಕ್ಕೆ ಬಂದಾಗ ವೀರಬಸಮ್ಮನವರು ಎದ್ದು ನಿಂತರು, ಒಂದು ಸಲ ನನ್ನ ಕಡೆ ನೋಡಿದರು.

ಅಖಿಲಾಳ ಸಂಗತಿ ಹೇಳಿ, "ಇಂಥಾ ಹುಡುಗ್ರು ನಮ್ಮ ವಾರ್ಡಿನಾಗ ಒಂಬತ್ತು ಮಂದಿ ಅದಾರ್ರಿ. ನಮಗ ಮೊದ್ಲು ಬಿಡ್ರಿ," ಎಂದರು.

ಗದ್ವಾಲದಿಂದ ವರ್ಗವಾಗಿ ಬಂದ ಕಮಿಷನರ್ ಸಾಹೇಬರು ತೆಲುಗಿನಲ್ಲಿ, ಹೊಸ ಪೈಪು, ಹೊಸ ಪಂಪು, ಎಸ್ಟಿಮೇಟು ಎಂದೆಲ್ಲ ಹೇಳಿ ಕೊನೆಗೆ "ಚೂದ್ದಾಂ" ಎಂದರು. ಚೂದ್ದಾಂ ಎಂದರೆ ನೋಡೋಣ. ದಫ್ತರದಲ್ಲಿ ನೋಡೋಣ ಎಂದರೆ ಏನೆಂದು ನೀರು ತುಂಬುವ ಮಕ್ಕಳಿಗೂ ಗೊತ್ತು.

"ಪೈಪ್ ಬ್ಯಾಡ್ರಿ, ಪಂಪ್ ಬ್ಯಾಡ್ರಿ," ಎಂದರು ವೀರಬಸಮ್ಮನವರು. "ಎಂಕಪ್ಪನ್ನ ಕರೀರಿ."

ಎಂಕಪ್ಪ ವಾಲ್ವಿನ ಉದ್ದನೆಯ ಚಾವಿಯನ್ನು ಬಾಗಿಲಿಗೆ ಒರಗಿಸಿ ಒಳಗೆ ಬಂದ. ಹನ್ನೆರಡರಿಂದ ಹಿಂದಕ್ಕೆ ತಿರುಗಿಸುತ್ತ ಬಾ ಎಂದು ಯಾರೋ ಹೇಳಿದರು. ಅವನು ಕಿವಿ ಮುಟ್ಟಿಕೊಂಡ.

"ಎಡಸುತ್ತು ಹೆಣಕ್ಕ ಹಾಕೋದ್ರಿ. ಬದುಕಿದ್ದ ಊರಿಗೆ ನಾ ಹಾಕಂಗಿಲ್ಲ."

"ಎಡಸುತ್ತು ಯಾರು ಹಾಕಂತಾರ?" ಎಂದರು ವೀರಬಸಮ್ಮನವರು. "ಬಲಸುತ್ತೇ ಹಾಕು. ಐವತ್ತು ಹೆಜ್ಜಿ ಹಿಂದಿನಿಂದ ಸುರು ಮಾಡು, ಅಷ್ಟ. ನಮ್ಮ ವಾಲ್ವ್ ತಿರುವು, ರಸ್ತಿ ದಾಟು, ಬಸವಣ್ಣನ ವಾಲ್ವಿಗೆ ಬಾ. ಅಲ್ಲಿಂದ ಎಂದಿನಂಗ."

ಎಂಕಪ್ಪ ಗಾಳಿಯಲ್ಲಿ ಬೆರಳಿನಿಂದ ಊರನ್ನು ಒಂದು ಸುತ್ತು ಹಾಕಿ ನೋಡಿದ. "ಇದು ಬಲಸುತ್ತೇ ಆಗ್ತೈತಿ," ಎಂದ, ತನಗೇ ಆಶ್ಚರ್ಯವಾದವನ ಹಾಗೆ. ಅವನು ಚಾವಿ ಹಿಡಿದ ಇಪ್ಪತ್ತಾರು ವರ್ಷದಲ್ಲಿ ಆ ಐವತ್ತು ಹೆಜ್ಜೆ ಯಾರ ಲೆಕ್ಕಕ್ಕೂ ಬಂದಿರಲಿಲ್ಲ.

ಹಾಗಾದರೆ ನಮ್ಮ ವಾರ್ಡುಗಳಿಗೆ ಅರ್ಧ ಗಂಟೆ ತಡವಾಗುತ್ತದೆ ಎಂದು ಹನ್ನೊಂದು ಜನ ಒಟ್ಟಿಗೆ ಮಾತೆತ್ತಿದರು. ನಾಯಿಗಳ ವಿಷಯಕ್ಕಿಂತ ದೊಡ್ಡ ಗದ್ದಲವಾಯಿತು.

"ನಾ ಐದಕ್ಕ ಸುರು ಮಾಡ್ತೀನಿ ಬಿಡ್ರಿ," ಎಂದ ಎಂಕಪ್ಪ. "ನಾಕಕ್ಕೇ ಎಚ್ಚರಾಗ್ತೈತಿ. ಸುಮ್ನ ಮಕ್ಕೊಂಡು ಜಂತಿ ಎಣಿಸಾಕ ಹತ್ತೀನಿ."

ಗದ್ದಲ ಇಳಿಯಿತು. ಉಳಿದದ್ದು ಒಂದೇ. ನಾಲ್ಕನೇ ವಾರ್ಡಿನ ಸಿದ್ದರಾಮೇಶ ಮೆಲ್ಲಗೆ ಎತ್ತಿದ. "ಎಲ್ಲಾ ಸರಿ. ಮೊದ್ಲ ನೀರು ಬಸವಣ್ಣಂದು ಅಲ್ರಿ? ಈಗ ಆ ಕಡಿ ಮೊದ್ಲು ಬಂದ್ರ..."

"ಬರ್ಲಿ. ಮೊದ್ಲ ಕೊಡ ನಮ್ಮ ವಾರ್ಡಿನ ಹೆಣ್ಮಕ್ಕಳೇ ತಂದು ಬಸವಣ್ಣಗ ಕೊಡ್ತಾರ."

"ಆ ಕಡಿ ಓಣಿ ಕೊಡ..." ಎಂದ ಸಿದ್ದರಾಮೇಶ. ಮಾತು ಅಲ್ಲಿಗೇ ನಿಂತಿತು. ಉಳಿದರ್ಧ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುವ ಹಾಗಿರಲಿಲ್ಲ. ಪಡಸಾಲೆಯಲ್ಲಿದ್ದ ಮೊಗುಲಮ್ಮನಿಗೂ ಕೇಳಿಸಿರಬೇಕು. ಅವಳು ಸೆರಗಿನ ಅಂಚು ಸರಿಮಾಡಿಕೊಂಡಳು.

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಅಯ್ಯನವರೇ, ಪೂಜಿ ನಿಮ್ದು. ನಡೀತೈತೇನ್ರಿ?"

ಮೂವತ್ತೊಂದು ವರ್ಷದಲ್ಲಿ ಸಭೆಯಲ್ಲಿ ನನ್ನನ್ನು ಯಾರೂ ಏನೂ ಕೇಳಿದ್ದಿಲ್ಲ. ಬರೆಯುವವನಿಗೆ ಬಾಯಿ ಇಲ್ಲ. ಇಲ್ಲ ಎಂದಿದ್ದರೆ ಯಾರೂ ಎರಡನೇ ಮಾತಾಡುತ್ತಿರಲಿಲ್ಲ, ಚಹಾ ಬರುತ್ತಿತ್ತು. ನನಗೆ ಆ ಖಾಲಿ ಕೊಡಗಳ ಸಾಲು ನೆನಪಾಯಿತು, ನಿಜವಾಗಿ ನಾಚಿಕೆಯಾಯಿತು. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಮೂವತ್ತು ವರ್ಷ ನಾನು ನೋಡಿದ್ದಾದರೂ ಏನು?

"ನಡೀತೈತ್ರಿ," ಎಂದೆ. ಧ್ವನಿ ನನ್ನದೇ ಅಲ್ಲವೇನೋ ಎನ್ನುವಷ್ಟು ದೊಡ್ಡದಾಗಿ ಬಂತು. "ಕೊಡ ನಾನೇ ಇಸ್ಕೊಂತೀನಿ."

ಸಿದ್ದರಾಮೇಶ ಒಪ್ಪಿಗೆ ಎಂದು ಮೇಜು ಕುಟ್ಟಿದ. ಅವನೇ ಮೊದಲು ಕುಟ್ಟಿದ ಎಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. ಆಮೇಲೆ ಎಲ್ಲರೂ ಕುಟ್ಟಿದರು. ದೇವರ ಸಂಗತಿ ಸರ್ಕಾರಿ ರಿಜಿಸ್ಟರಿನಲ್ಲಿ ಬೇಡ ಎಂದು ಕಮಿಷನರ್ ಸಾಹೇಬರು ಗೊಣಗಿದರು. "ಬರೀರಿ. ಇಲ್ಲಾಂದ್ರ ನಾಳೆ ಗುಡಿ ಮುಂದ ಮತ್ತೊಂದು ಮೀಟಿಂಗ್ ಆಗ್ತೈತಿ," ಎಂದರು ಅಧ್ಯಕ್ಷರು. ನಾನು ಬರೆದೆ: ಹನ್ನೆರಡನೇ ವಾರ್ಡಿನ ವಾಲ್ವನ್ನು ಐದು ಗಂಟೆಗೆ ತೆರೆಯತಕ್ಕದ್ದು, ಮೊದಲ ಕೊಡವನ್ನು ಸದರಿ ವಾರ್ಡಿನ ಮಹಿಳೆಯರು ತರತಕ್ಕದ್ದು, ಪೂಜಾರಿಯವರು ಅದನ್ನು ಪಡೆದು ಬಸವಣ್ಣನಿಗೆ ಎರೆಯತಕ್ಕದ್ದು. ಬರೆದು ಮುಚ್ಚಳ ಹಾಕಿದೆ. ಚಹಾ ಆರಿ ತಣ್ಣಗಾಗಿತ್ತು, ಎಲ್ಲರೂ ಬಯ್ಯುತ್ತಲೇ ಕುಡಿದರು.

ಸೋಮವಾರ ಐದು ಗಂಟೆಗೆ ನಾನು ಸ್ನಾನ ಮುಗಿಸಿ ಗುಡಿಯ ಮೆಟ್ಟಿಲ ಮೇಲೆ ನಿಂತಿದ್ದೆ. ನಮ್ಮಲ್ಲಿ ಹೆಂಗಸರು ಕೊಡವನ್ನು ಕೆಳಗಿನ ಮೆಟ್ಟಿಲ ಮೇಲೆ ಇಡುತ್ತಾರೆ, ಪೂಜೆಯವರು ಎತ್ತಿಕೊಳ್ಳುತ್ತಾರೆ. ಆ ಓಣಿಯವರು ಅಲ್ಲಿಯವರೆಗೂ ಬಂದದ್ದಿಲ್ಲ. ನಾನು ದೊಡ್ಡ ಮನಸ್ಸು ಮಾಡಿ, ಇಡುವುದು ಬೇಡ, ಕೈಯಿಂದಲೇ ಇಸಿದುಕೊಳ್ಳೋಣ ಎಂದು ನಿರ್ಧರಿಸಿದ್ದೆ. ಅದರ ಬಗ್ಗೆ ಒಳಗೊಳಗೇ ಸ್ವಲ್ಪ ಜಂಬವೂ ಇತ್ತು.

ಎದುರಿಗೆ ನಲ್ಲಿ ಗೊರಗೊರ ಎಂದಿತು, ನೀರು ಬಂತು. ಮೊಗುಲಮ್ಮ ತುಂಬಿದ ಕೊಡ ಸೊಂಟಕ್ಕೆ ಇಟ್ಟುಕೊಂಡು ರಸ್ತೆ ದಾಟಿದಳು, ಹಿಂದೆ ಅಖಿಲಾ. ಅಷ್ಟರಲ್ಲಿ ಆಟೋ ಹಾರ್ನ್ ಹೊಡೆಯಿತು. ಅಂದು ಧನ್ವಾಡದ ಕಡೆ ದೂರದ ಹೊಲ, ಗಾಡಿ ಬೇಗ ಬಂದಿತ್ತು. ನಾನು ಎರಡೂ ಕೈ ಚಾಚಿದೆ.

"ಅಯ್ಯನೋರೆ, ಒಂದೀಟ ಆ ಕಡಿ ಸರೀರಿ. ಆಟೋ ನಿಂತೈತಿ," ಎಂದಳು.

ನಾನು ಸರಿದೆ. ಯೋಚನೆ ಮಾಡಿ ಸರಿದೆ ಎಂದರೆ ಸುಳ್ಳಾಗುತ್ತದೆ, ದಾರಿಯಲ್ಲಿ ಕೊಡ ಹೊತ್ತವಳು ಎದುರಾದರೆ ಸರಿಯುವ ಹಾಗೆ ಸರಿದೆ. ಅವಳು ಮೂರು ಮೆಟ್ಟಿಲು ಹತ್ತಿದಳು, ಕೊಡ ಬಗ್ಗಿಸಿ ಪೂರ್ತಿ ನೀರನ್ನು ಬಸವಣ್ಣನ ನೆತ್ತಿಗೆ ಸುರಿದಳು. ನೀರು ಕೊಂಬಿನ ನಡುವಿನಿಂದ ಡುಬ್ಬ ದಾಟಿ ಬೆನ್ನಿನ ಮೇಲೆ ಹರಿಯಿತು. ಒದ್ದೆ ಅಂಗೈಯನ್ನು ಕಣ್ಣಿಗೆ ಒತ್ತಿಕೊಂಡು, ಖಾಲಿ ಕೊಡವನ್ನು ಅಖಿಲಾಳ ಕಡೆ ಎಸೆದು, ಓಡಿಹೋಗಿ ಆಟೋ ಹತ್ತಿದಳು. ನನ್ನ ಕೈಗಳು ಇನ್ನೂ ಚಾಚಿಯೇ ಇದ್ದವು. ಏನೂ ಆಗಲಿಲ್ಲ. ಬಸವಣ್ಣ ದಿನಾ ಒದ್ದೆಯಾದಷ್ಟೇ ಒದ್ದೆಯಾಗಿದ್ದ.

ಒಂಬತ್ತು ಗಂಟೆಗೆ ನಾನು ದಫ್ತರಕ್ಕೆ ಹೋಗುವಾಗ ಅಖಿಲಾ ಎಣ್ಣೆ ಹಚ್ಚಿ ಜಡೆ ಹಾಕಿಕೊಂಡು ಚೀಲ ಹೆಗಲಿಗೇರಿಸಿ ಹೋಗುತ್ತಿದ್ದಳು. ನನಗೆ ಅಂದು ಇಡೀ ದಿನ ಯಾರ ಮೇಲೂ ಸಿಟ್ಟು ಬರಲಿಲ್ಲ. ಆಶಪ್ಪ ಅದನ್ನು ಗಮನಿಸಿ, ಮೈ ಹುಷಾರಿಲ್ಲವೇನು ಎಂದು ಕೇಳಿದ.

ಮುಂದಿನ ಸಭೆಯ ಮೊದಲ ವಿಷಯ ಎಂದಿನಂತೆ ಹಿಂದಿನ ಠರಾವುಗಳನ್ನು ಓದಿ ಖಾಯಂ ಮಾಡುವುದು. ಅದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ನಾನು ಓದುತ್ತ ಹದಿನೇಳಕ್ಕೆ ಬಂದೆ, ನಿಂತೆ.

"ಏನಾತ್ರಿ?" ಎಂದರು ಅಧ್ಯಕ್ಷರು.

"ಒಂದು ತಪ್ಪೈತ್ರಿ."

"ನಿಮ್ಮ ರಿಜಿಸ್ಟರಿನಾಗ?"

"ಹೌದ್ರಿ. ನನ್ನ ಕೈಲೇ ಆಗೈತಿ."

ವೀರಬಸಮ್ಮನವರು ನನ್ನನ್ನೇ ನೋಡುತ್ತಿದ್ದರು, ಈ ಸಲ ನಗುತ್ತಿರಲಿಲ್ಲ. ನಾನು ಅಳತೆಪಟ್ಟಿ ಇಟ್ಟು, 'ಪೂಜಾರಿಯವರು ಅದನ್ನು ಪಡೆದು' ಎಂಬ ಮಾತಿನ ಮೇಲೆ ನೇರವಾಗಿ ಒಂದು ಗೆರೆ ಎಳೆದೆ, ಮೇಲೆ 'ಅವರೇ' ಎಂದು ಬರೆದೆ, ಪಕ್ಕದಲ್ಲಿ ದಸ್ಕತ್ತು ಹಾಕಿದೆ. ಅಂದು ಇನ್ನೂ ಹದಿನೆಂಟು ವಿಷಯಗಳು ಬಾಕಿ ಇದ್ದವು. ಪೆನ್ನಿನ ಮುಚ್ಚಳ ಜೇಬಿನಲ್ಲೇ ಇತ್ತು.