ಬಾಯಿಗಕ್ಕಿ

ಆ ಬೆಳಿಗ್ಗೆ ಬಾವಿಯ ನೀರು ಹೆಪ್ಪುಗಟ್ಟಿತ್ತು. ಅತ್ತೆಯ ಹೆಣ ತೊಳೆಯಲು ನೀರು ಬೇಕೆಂದು ಒಕ್ದಾನ್ ಕಲ್ಲೆತ್ತಿ ಹಾಕಿ ಮಂಜುಗಡ್ಡೆ ಒಡೆಯುತ್ತಿದ್ದಳು. ಉತ್ತರದ ಗುಡ್ಡದಿಂದ ಇಳಿದ ಗಾಳಿ ಒಂದೊಂದೇ ಹುಲ್ಲುಮಾಡನ್ನು ಎತ್ತಿ ನೋಡುತ್ತಿತ್ತು, ಯಾವ ಮನೆಯಲ್ಲಿ ಯಾರು ಉಳಿದಿದ್ದಾರೆಂದು ದೇವರೇ ಹುಡುಕುತ್ತಿರುವ ಹಾಗೆ.

ಊರಿನ ಹೆಣಗಳನ್ನೆಲ್ಲ ತೊಳೆದು ಸಿಂಗರಿಸುವವಳು ಸೊಂಗ್ಜು ಅಜ್ಜಿ. ಕೆಲಸ ಮುಗಿಸಿ ಕೈ ಒರೆಸಿಕೊಂಡಳು.

"ಪಕ್ಕೆಲುಬು ಮುರಿದದೆ ಕಣವ್ವ, ಕೈಗೆ ಸಿಗ್ತದೆ. ಇರ್ಲಿ. ಬಾಯಿಗೆ ಅಕ್ಕಿ ತಾ."

"ಅಕ್ಕಿ ಇಲ್ಲಜ್ಜಿ."

"ಮೂರು ಚಮಚಾನೂ ಇಲ್ವಾ?"

"ಊರಲ್ಲೇ ಇಲ್ಲ. ಮನೆಮನೆ ಕೇಳ್ಬಂದೆ. ನವಣೆ ಹಾಕಿದ್ರಾಗಲ್ವಾ?"

"ಬದುಕಿದ್ದಾಗ್ಲೂ ನವಣೆ, ಸತ್ತ ಮೇಲೂ ನವಣೇನಾ? ಹಸಿದ ಬಾಯಲ್ಲಿ ಅಷ್ಟು ದೂರ ಹೆಂಗವ್ವ ಕಳ್ಸೋದು?"

ಒಕ್ದಾನ್ ತಲೆ ತಗ್ಗಿಸಿದಳು. ಅತ್ತೆಗೆ ಅವಳು ಮಾಡಬಹುದಾದ ಕೊನೆಯ ಸೇವೆ ಅದೊಂದೇ ಉಳಿದಿತ್ತು.

*

ಮೊನ್ನೆ ಸಂಜೆ ದವಸ ವಸೂಲಿಗೆ, ನಾಡನ್ನು ಆಳುತ್ತಿದ್ದ ಜಪಾನಿನ ಪೊಲೀಸಿನವನು ಬಂದಿದ್ದ. ಅವನ ಮುಂದೆ ಕಬ್ಬಿಣದ ಸರಳಿನಿಂದ ನೆಲ ಚುಚ್ಚುತ್ತ ಬಂದವನು ಈ ಊರಿನವನೇ, ಪಿಲ್ಗು. ಹುಟ್ಟುತ್ತಲೇ ತಾಯಿಯನ್ನು ಕಳೆದುಕೊಂಡ ಅವನಿಗೆ ಅತ್ತೆ ತನ್ನ ಮಗನ ಜೊತೆಗೇ ಮೊಲೆಯೂಡಿಸಿದ್ದಳು. ಆ ಮಗನನ್ನು, ಅಂದರೆ ಒಕ್ದಾನಳ ಗಂಡನನ್ನು, ಜಪಾನಿನ ಕಲ್ಲಿದ್ದಲ ಗಣಿಗೆ ಎಳೆದೊಯ್ದಿದ್ದರು. ಅವನು ಹಿಂದಿರುಗಿದ ದಿನ ಬಿಸಿ ಅನ್ನ ಬಡಿಸಬೇಕೆಂದು ಅತ್ತೆ ಒಂದು ಗಡಿಗೆ ಅಕ್ಕಿಯನ್ನು ಒಲೆಯ ಪಕ್ಕ ಹೂತಿಟ್ಟಿದ್ದಳು.

ಸರಳು ಗಡಿಗೆಗೆ ತಾಗಿತು. ಪಿಲ್ಗು ಕೈ ನಿಲ್ಲಿಸಿದ.

"ಕಲ್ಲು ಅಂತ ಹೇಳಪ್ಪ ಮಗ" ಅಂದಳು ಅತ್ತೆ, ಮೆಲ್ಲಗೆ.

ಪಿಲ್ಗು ಪೊಲೀಸಿನವನ ಬೂಟುಗಳನ್ನು ನೋಡಿದ. "ಇಲ್ಲಿದೆ, ಸ್ವಾಮಿ."

ಅತ್ತೆ ಗಡಿಗೆಯ ಮೇಲೆ ಬೋರಲು ಬಿದ್ದು ತಬ್ಬಿಕೊಂಡಳು. ಬೂಟುಗಾಲು ಅವಳ ಬೆನ್ನು ತುಳಿಯಿತು, ಪಕ್ಕೆಗೆ ಒದೆಯಿತು. ಕತ್ತಿಯ ಒರೆ ಏರಿ ಏರಿ ಇಳಿಯಿತು. ಒಣ ಸೌದೆ ಮುರಿದಂಥ ಸದ್ದು ಬಂದ ಮೇಲೂ ಅವಳು ಬಿಡಲಿಲ್ಲ. ಜುಟ್ಟು ಹಿಡಿದು ಎಳೆದು ಗೋಡೆಗೆ ಅಪ್ಪಳಿಸಿದಾಗ ಕೈ ತಾನಾಗಿ ಬಿಟ್ಟಿತು. ನಿನ್ನೆ ಉಸಿರೂ ಬಿಟ್ಟಿತು.

*

ಅಂಗಳದಲ್ಲಿ ಗದ್ದಲವೆದ್ದಿತು. ಚಟ್ಟ ಹೊರಲು ಬಂದ ಗಂಡಸರು ಪಿಲ್ಗುವನ್ನು ಕೆಡವಿಕೊಂಡಿದ್ದರು.

"ಇನ್ನೇನು ಚುಚ್ಚೋಕೆ ಬಂದ್ಯೋ? ಹೆಣಾನಾ?"

ಮುಖಕ್ಕೆ ಒದ್ದರು, ಹೊರೆಗೋಲಿನಿಂದ ಬಡಿದರು. ಅವನು ಎದುರು ಕೈಯೆತ್ತಲಿಲ್ಲ. ಬಲಗೈ ಮುಷ್ಟಿ ಮಾತ್ರ ಬಿಗಿಹಿಡಿದಿದ್ದ. ಅದನ್ನೇ ತುಳಿದರು. ಚರ್ಮ ಒಡೆಯಿತು, ಮುಷ್ಟಿ ಬಿಚ್ಚಲಿಲ್ಲ.

"ಬಿಡ್ರಪ್ಪ" ಅಂದಳು ಒಕ್ದಾನ್. "ಹೆಣದ ಮುಂದೆ ಇನ್ನೊಂದು ಹೆಣ ಬೇಡ."

ಪಿಲ್ಗು ಹೊಸ್ತಿಲವರೆಗೆ ತೆವಳಿ ಬಂದ. ಬಾಯಲ್ಲಿದ್ದ ರಕ್ತ ಉಗಿದು ಮುಷ್ಟಿ ಬಿಚ್ಚಿದ. ಒಳಗೆ ಅಕ್ಕಿಯಿತ್ತು.

"ತೋರ್ಸಿಕೊಟ್ಟಿದ್ದಕ್ಕೆ ನನ್ ಪಾಲು ಅಂತ ಕೊಟ್ರು ಅತ್ತಿಗೆ. ಬೇಯಿಸ್ಕೊಂಡೆ. ಗಂಟಲಲ್ಲಿ ಇಳೀಲಿಲ್ಲ. ಹಸೀದು ಉಳಿದದ್ದು ಇಷ್ಟೇ."

"ಆ ಪಾಪದ ಕೂಳು ಅವಳ ಬಾಯಿಗಾ?" ಅಂದ ಒಬ್ಬ. "ಕೋಳಿಗೆ ಚೆಲ್ಲು."

ಒಕ್ದಾನ್ ಸೊಂಗ್ಜು ಅಜ್ಜಿಯ ಕಡೆ ತಿರುಗಿದಳು.

"ಅಕ್ಕಿ ಅವಳ್ದೇ ಕಣವ್ವ" ಅಂದಳು ಅಜ್ಜಿ. "ಕೈ ಮಾತ್ರ ಇವಂದು."

ಒಕ್ದಾನ್ ಮರದ ಚಮಚ ಹಿಡಿದು ಅವನೆದುರು ಕುಕ್ಕರಗಾಲಲ್ಲಿ ಕೂತಳು. ಅವನ ಅಂಗೈಯಿಂದ ಬಿಳಿಯ ಕಾಳುಗಳನ್ನು ಮಾತ್ರ ಒಂದೊಂದಾಗಿ ಆರಿಸಿಕೊಂಡಳು. ಅತ್ತೆಯ ಬಾಯಿಗೆ ಹಾಕುವಾಗ ಪದ್ಧತಿಯಂತೆ ಅಜ್ಜಿ, ದಾರಿಯ ಬುತ್ತಿಯೆಂದು, ಒಂದೊಂದು ಚಮಚಕ್ಕೂ ಎಣಿಸಿ ಹೇಳಿದಳು:

"ನೂರು ಮೂಟೆ."

"ಸಾವಿರ ಮೂಟೆ."

ಮೂರನೆಯ ಚಮಚ ಅರ್ಧವೂ ತುಂಬಿರಲಿಲ್ಲ. "ಹತ್ತು ಸಾವಿರ ಮೂಟೆ" ಅಂದಳು ಅಜ್ಜಿ.

ಒಕ್ದಾನ್ ಹೊಸ್ತಿಲಿಗೆ ಮರಳಿದಳು. ಪಿಲ್ಗು ಇನ್ನೂ ಅಂಗೈ ಚಾಚಿಕೊಂಡೇ ಇದ್ದ. ರಕ್ತಕ್ಕೆ ಅಂಟಿದ ಕೆಂಪು ಕಾಳುಗಳು ಅದರಲ್ಲಿ ಉಳಿದಿದ್ದವು. ಅವಳು ಅವನ ಬೆರಳುಗಳನ್ನು ಅವುಗಳ ಮೇಲೆ ಒಂದೊಂದಾಗಿ ಮಡಿಸಿದಳು.